ಟ್ರೆಂಚಿನಿಂದ ಬಂದ ದಪ್ಪ ದನಿ

ಕೊರೊನಾ ಇಳಿದ ಮರುವರ್ಷದ ಮಳೆಗಾಲ. ನಾನಾಗ ಯಲ್ಲಾಪುರ ಕಡೆಯ ಒಂದು ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಸಹಾಯಕ ಇಂಜಿನಿಯರ್. ಅಲ್ಲಿನ ಬ್ರೇಕರ್‌ಗಳಲ್ಲಿ, ಅಂದರೆ ತೊಂದರೆಯಾದೊಡನೆ ಲೈನು ಕಡಿಯುವ ದೊಡ್ಡ ಸ್ವಿಚ್ಚುಗಳಲ್ಲಿ, ಕಿಡಿ ನಂದಿಸಲು ಎಸ್‌ಎಫ್-ಸಿಕ್ಸ್ ಎಂಬ ಅನಿಲ ತುಂಬಿರುತ್ತಾರೆ. ಕಾರ್ಖಾನೆಯಲ್ಲಿ ತಯಾರಾಗುವ ಇದು ಹೊತ್ತಿಕೊಳ್ಳುವುದಿಲ್ಲ, ವಿಷವಲ್ಲ, ಬಣ್ಣವಿಲ್ಲ, ವಾಸನೆಯೂ ಇಲ್ಲ. ಇಂಥ ಸಾಧುವಿಗೆ ಹೆದರುವವರಾರು? ಆದರೆ ಗಾಳಿಗಿಂತ ಐದು ಪಟ್ಟು ಭಾರ. ತಗ್ಗಿನಲ್ಲಿ ತುಂಬಿಕೊಂಡರೆ ಅಲ್ಲಿ ಉಸಿರಾಡಲು ಗಾಳಿಯೇ ಉಳಿಯುವುದಿಲ್ಲ.

ಹಿಂದಿನ ದಿನ ಬ್ರೇಕರಿಗೆ ಅನಿಲ ತುಂಬಿ ಸಿಲಿಂಡರನ್ನು ಆ ಬ್ರೇಕರ್ ಇರುವ ಕೋಣೆಯಲ್ಲೇ ಬಿಟ್ಟಿದ್ದರು. ಅದರ ವಾಲ್ವ್ ಪೂರ್ತಿ ಮುಚ್ಚಿರಲಿಲ್ಲವೆಂದು ಗೊತ್ತಾದದ್ದು ಆಮೇಲೆ. ಬೆಳಿಗ್ಗೆ ನಾನು ಬಂದಾಗ ಲೈನ್‌ಮನ್ ಗಣಪತಿ, ಮಳೆನೀರು ಇಳಿದಿದೆಯೇ ನೋಡಲು ಅದೇ ಕೋಣೆಯ ನೆಲದಲ್ಲಿ ಕೇಬಲ್ ಹಾಯಿಸಲು ತೋಡಿದ ಎದೆಮಟ್ಟದ ಟ್ರೆಂಚಿಗೆ ಇಳಿದು ಬಗ್ಗಿದ್ದ.

"ನೀರು ಎಂತೂ ಇಲ್ಲೆ ಮೇಡಂ, ಒಣಗೇ ಇದ್ದು" ಎಂದ.

ಗಣಪತಿಯದು ಕೀರಲು ದನಿ. ಈಗ ಬಂದದ್ದು ಯಾರದೋ ದಪ್ಪ ದನಿ. ಆಪರೇಟರ್ ಬಸವರಾಜ ನಕ್ಕುಬಿಟ್ಟ: "ಏನ್ ಗಣಪತಣ್ಣಾ, ರಾವಣನ ವೇಷಾ ಕಟ್ಟೀರೇನು?"

ನನಗೆ ಹಿಂದಿನ ದಿನದ ಸಿಲಿಂಡರ್ ನೆನಪಾಯಿತು. ಆ ಭಾರದ ಅನಿಲ ಉಸಿರಿನೊಳಗೆ ಹೋದರೆ ದನಿ ದಪ್ಪವಾಗುತ್ತದೆ. "ಮೇಲೆ ಬಾ ಗಣಪತಿ!" ಎಂದು ಕೂಗುವಷ್ಟರಲ್ಲಿ ಅವನು ಕುಸಿದ.

"ಬಿಡ್ರಿ ಮೇಡಂ, ನಾ ಇಳೀತೀನ್ರಿ! ವಾಸನಿ ಇಲ್ಲ, ಏನಿಲ್ಲ!" ಬಸವರಾಜ ಆಗಲೇ ಒಂದು ಕಾಲು ಒಳಗಿಟ್ಟಿದ್ದ. ಅವನ ಅಂಗಿ ಹಿಡಿದು ಜಗ್ಗಿದೆ. "ಇಳಿದರೆ ನೀನೂ ಹೋಗ್ತೀಯ!"

ಕಣ್ಣೆದುರು ಒಬ್ಬ ಸಾಯುತ್ತಿದ್ದಾನೆ, ಇನ್ನೊಬ್ಬನನ್ನು ನಾನು ತಡೆಯುತ್ತಿದ್ದೇನೆ. ಅಂಥ ಭಯ ನನಗೆ ಹಿಂದೆಂದೂ ಆಗಿರಲಿಲ್ಲ. ಗೋಡೆಗೆ ಒರಗಿಸಿದ್ದ ಅರ್ತಿಂಗ್ ರಾಡ್ ಕಂಡಿತು, ಲೈನಿಗೆ ಸಿಕ್ಕಿಸುವ ಕೊಕ್ಕೆಯ ಉದ್ದ ಕೋಲು. ಮೇಲೆ ನಿಂತೇ ಗಣಪತಿಯ ಸೇಫ್ಟಿ ಬೆಲ್ಟಿಗೆ ಕೊಕ್ಕೆ ಸಿಕ್ಕಿಸಿದೆವು. ಎರಡು ಸಲ ಜಾರಿತು. ಮೂರನೆಯ ಸಲ ಹಿಡಿಯಿತು. ಇಬ್ಬರೂ ಸೇರಿ ಎಳೆದು ಹೊರಗೆ ಅಂಗಳದಲ್ಲಿ ಮಲಗಿಸಿದೆವು. ತುಟಿ ನೀಲಿಯಾಗಿತ್ತು. ಬಸವರಾಜ ಎದೆ ಒತ್ತಲು ಕೂರುವಷ್ಟರಲ್ಲಿ ಗಣಪತಿ ಕೆಮ್ಮಿದ.

"ಎಂತ ಆತು? ಆನು ಬಿದ್ನ?"

ಕೀರಲು ದನಿಯೇ. ನಾನು ಅಲ್ಲೇ ಕೂತು ಅತ್ತೆ.

ಮಧ್ಯಾಹ್ನ ಟ್ರೆಂಚಿನ ತಳಕ್ಕೆ ಪೈಪು ಇಳಿಸಿ ಗಾಳಿ ಎಳೆದು ಹೊರಗೆ ಬಿಡುವ ಬ್ಲೋವರ್ ಹಚ್ಚಿ, ಅಷ್ಟೂ ಅನಿಲವನ್ನು ಹೊರಹಾಕಿದೆವು. ಅದನ್ನು ಹಿಡಿದು ಮತ್ತೆ ತುಂಬುವ ಯಂತ್ರ ನಮ್ಮಲ್ಲಿರಲಿಲ್ಲ. ಎಲ್ಲರೂ ನಿರಾಳರಾದರು, ನನ್ನ ಭಯ ಇಳಿಯಲಿಲ್ಲ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಈ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತು ಸಾವಿರ ಪಟ್ಟಿಗೂ ಹೆಚ್ಚು ಬಲದ್ದು. ಒಮ್ಮೆ ಮೇಲೇರಿದರೆ ನೂರಾರು ವರ್ಷ ಅಲ್ಲೇ ಇರುತ್ತದೆ. ಅಪಾಯವನ್ನು ಹೊರಗೆ ಹಾಕುವುದಕ್ಕೂ ಇಲ್ಲವಾಗಿಸುವುದಕ್ಕೂ ಇರುವ ವ್ಯತ್ಯಾಸವನ್ನು ನನ್ನ ಕೆಲಸ ಅಂದು ಕಲಿಸಿತು. ಗಣಪತಿಯನ್ನು ಎಳೆದು ತರಲು ಒಂದು ಅಂಗಳವಾದರೂ ಇತ್ತು. ನಮ್ಮನ್ನೆಲ್ಲ ಎಳೆದು ಎಲ್ಲಿ ಮಲಗಿಸುವುದು?