ಸಿದ್ದಪ್ಪನವರ ಕೈತೂಕ

ಸಿದ್ದಪ್ಪನವರಿಗೆ ತಕ್ಕಡಿ ಬೇಕಿರಲಿಲ್ಲ. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಮೂವತ್ತು ವರ್ಷ ಮೂಟೆ ತೂಗಿದ ಕೈ. ಎತ್ತಿದರೆ ಸಾಕು, ತೂಕ ಬಾಯಿಗೆ ಬರುತ್ತಿತ್ತು. ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಇದ್ರಲ್ಲಿ ಇನ್ನೂ ಹಸಿ ಐತೆ. ತೂಕ ಬತ್ತದೆ, ಹುರುಳಿಲ್ಲ" ಎಂದು ಪಕ್ಕಕ್ಕಿಡುತ್ತಿದ್ದರು. ಬೀದಿಯ ಬೆಕ್ಕು, ಟೀಚರಾಗಿದ್ದ ನನ್ನ ಶಾಲೆಯ ಚೀಲ, ಗ್ಯಾಸ್ ಸಿಲಿಂಡರು, ಯಾವುದನ್ನೂ ಬಿಟ್ಟವರಲ್ಲ. ಪಕ್ಕದ ಮನೆಯವರಾದ್ದರಿಂದ ನನ್ನ ಮಗಳು ಶುಭಾಳಂತೂ ದಿನಾ ಅವರ ಕೈಗೆ ಸಿಗುತ್ತಿದ್ದಳು. "ಏನವ್ವ ಗುಬ್ಬಿ, ಹನ್ನೊಂದೇ ಕೆಜಿ! ನಿಮ್ಮಮ್ಮ ಊಟ ಇಕ್ಕಲ್ವಾ?"

ನನಗೆ ಮೈ ಉರಿಯುತ್ತಿತ್ತು. ಮಕ್ಕಳ ತೂಕ ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆಂದು ನಮ್ಮತ್ತೆ ಪ್ರತಿ ಸಲವೂ ಒಲೆಗೆ ಮೆಣಸಿನಕಾಯಿ ಹಾಕುತ್ತಿದ್ದರು. ಮಗುವಿಗೆ ಮೈ ಹತ್ತದಿರಲು ಕಾರಣ ಬೇರೆಯೇ ಇತ್ತು. ಅವಳ ಹೃದಯದಲ್ಲಿ ರಂಧ್ರವಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ, ಅವಳಿಗೆ ನಾಲ್ಕು ತುಂಬಿದಾಗ, ಬೆಂಗಳೂರಿನಲ್ಲಿ ಆಪರೇಷನ್ ಆಯಿತು.

ಮನೆಗೆ ಬಂದ ದಿನ ಆಟೋದಿಂದ ಅವಳನ್ನು ಇಳಿಸಿಕೊಂಡವರು ಸಿದ್ದಪ್ಪನವರೇ. ಕಂಕುಳಿಗೆ ಕೈ ಹಾಕಬೇಡಿ, ಹೊಲಿಗೆ ಎಳೆಯುತ್ತದೆ ಎಂದೆ. ಬೆನ್ನಿಗೊಂದು, ಕೆಳಗೊಂದು ಕೈ ಕೊಟ್ಟು ಎತ್ತಿದರು. ಎತ್ತಿದವರೇ ಬೀದಿಯೆಲ್ಲ ಕೇಳುವಂತೆ, "ಅದೇ ಹನ್ನೊಂದು!" ಅತ್ತೆ ಕೆಂಡವಾದರು. ಇನ್ನು ಮಗುವನ್ನು ಮುಟ್ಟಬೇಡಿ ಎಂದು ನಾನೂ ಕಡ್ಡಿ ಮುರಿದಂತೆ ಹೇಳಿಬಿಟ್ಟೆ.

ಕುಡಿಯುವ ನೀರನ್ನು ಅಳೆದು ಕೊಡಿ ಎಂದಿದ್ದರು ಡಾಕ್ಟರು. ಲೋಟದಲ್ಲಿ ಅಳೆದೇ ಕೊಟ್ಟೆ. ಅಷ್ಟರಲ್ಲಿ ನನ್ನ ತವರು ಮಾದಿಹಳ್ಳಿಯಿಂದ ಎಳನೀರಿನ ಗೊನೆ ಬಂತು. "ಎಳನೀರು ನೀರಲ್ಲ ಕಣೇ, ತಂಪು" ಎಂದರು ಅತ್ತೆ. ತೆಂಗಿನ ಸೀಮೆಯವಳಾದ ನನಗೂ ಹೌದೆನಿಸಿತು. ವಾರದಲ್ಲಿ ಮಗುವಿನ ಕೆನ್ನೆ ತುಂಬಿಕೊಂಡಿತು. ನೋಡಲು ಬಂದವರೆಲ್ಲ ಮೈ ಬಂದಿದೆ ಎಂದು ಹೊಗಳಿದರು. ನಾನು ಹಿಗ್ಗಿದೆ. ಮಲಗಿಸಿದರೆ ಅತ್ತು ಎದ್ದು ಕೂರುತ್ತಿದ್ದಳು, ಅದನ್ನು ಹಟವೆಂದುಕೊಂಡೆ.

ಭಾನುವಾರ ಬೆಳಿಗ್ಗೆ ಸಿದ್ದಪ್ಪನವರು ಬಾಗಿಲಲ್ಲಿ ನಿಂತು ಅವಳನ್ನೇ ನೋಡಿದರು. ಕೇಳದೆ ಒಳಗೆ ಬಂದು ಎತ್ತಿಕೊಂಡರು. ತೂಕ ಬಾಯಿಂದ ಹೊರಡಲಿಲ್ಲ. ಮೆಲ್ಲಗೆ ಕೂರಿಸಿ ನನ್ನ ಕಡೆ ತಿರುಗಿದರು.

"ಟೀಚರಮ್ಮ, ಹನ್ನೆರಡೂವರೆ. ಎಂಟ್ ದಿನಕ್ಕೆ ಇಷ್ಟು ಮಾಂಸ ಬೆಳೆಯಲ್ಲ. ಇದು ಹಸಿ."

"ನಿನ್ ಬಾಯಿಗೆ ಮಣ್ಣು ಹಾಕ!" ಎಂದರು ಅತ್ತೆ.

ನಾನು ಮಗುವಿನ ಪಾದ ಒತ್ತಿದೆ. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು. ಯಜಮಾನರು ಹಳೇಬೀಡಿನಲ್ಲಿ ಡ್ಯೂಟಿಯಲ್ಲಿದ್ದರು. "ನಾನ್ ಬತ್ತೀನಿ ನಡೀರಿ, ಬೆಂಗಳೂರಿಗೆ ರೈಲು ಐತೆ" ಎಂದು ಸಿದ್ದಪ್ಪನವರು ಆಗಲೇ ಚಪ್ಪಲಿ ಮೆಟ್ಟಿದ್ದರು.

ದಾರಿಯುದ್ದಕ್ಕೂ ಅವಳು ಅವರ ತೊಡೆಯ ಮೇಲೆ ಕೂತೇ ಇದ್ದಳು. ತುಮಕೂರು ದಾಟುವಾಗ ತುಟಿ ಕಪ್ಪಿಟ್ಟಿತು. ಸಿದ್ದಪ್ಪನವರು ಅವಳ ಬೆನ್ನಿಗೆ ಅಂಗೈ ಕೊಟ್ಟು ಉಸಿರನ್ನೇ ನೋಡುತ್ತಿದ್ದರು. ನಾನು ಇಲ್ಲದ ದೇವರಿಗೆಲ್ಲ ಹರಕೆ ಹೊತ್ತೆ.

ಹೃದಯದ ಸುತ್ತ ನೀರು ತುಂಬಿತ್ತು. ಸೂಜಿ ಹಾಕಿ ತೆಗೆದರು. ಎಳನೀರಿನಿಂದಲೇ ಹೀಗಾಯಿತೇ ಎಂದು ನಾನು ಅತ್ತಾಗ ಡಾಕ್ಟರು, "ಆಪರೇಷನ್ ಆದ ಕೆಲವು ಮಕ್ಕಳಿಗೆ ಹೀಗಾಗುತ್ತೆ. ಆದರೆ ಎಳನೀರೂ ನೀರೇ ಅಮ್ಮ. ನಾಳೆ ಬಂದಿದ್ರೆ ಕಷ್ಟ ಇತ್ತು" ಎಂದರು. ಆಮೇಲೆ ಪ್ರತಿ ಭಾನುವಾರ ನಾನೇ ಮಗುವನ್ನು ಅವರ ಕೈಗೆ ಕೊಟ್ಟು, ತೂಕ ಕೇಳಿಸಿಕೊಂಡೇ ಒಲೆ ಹಚ್ಚುತ್ತಿದ್ದೆ.

ಹತ್ತು ವರ್ಷದ ನಂತರ, ನಾವು ಬೇರೆ ಬಡಾವಣೆಗೆ ಮನೆ ಬದಲಿಸಿದ್ದಾಗ, ಸಿದ್ದಪ್ಪನವರು ಹಾಸಿಗೆ ಹಿಡಿದಿದ್ದಾರೆಂದು ನೋಡಲು ಹೋದೆವು. "ಈಗ ವಾಸಿ, ಮಾವ ಮೈ ತುಂಬ್ಕೊಂಡವ್ರೆ" ಎಂದಳು ಸೊಸೆ. ಕಾಲ ಬಳಿ ಕೂತಿದ್ದ ಶುಭಾ ಅವರ ಪಾದದ ಹರಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಗುಳಿ ಹಾಗೇ ಉಳಿಯಿತು.

"ಅಜ್ಜ, ಹಸಿ."

"ಗೊತ್ತೈತೆ ಕಣವ್ವ ಗುಬ್ಬಿ."

"ಮತ್ತೆ ಯಾಕೆ ಹೇಳಲಿಲ್ಲ?"

ಅವರು ನಕ್ಕರು. "ನನ್ನ ಎತ್ತಿ ನೋಡೋರು ಯಾರವ್ವ?"

ಆವತ್ತೇ ಹಾಸನಕ್ಕೆ ಕರೆದುಕೊಂಡು ಹೊರಟೆವು. ಕಾರು ಹತ್ತಿಸುವಾಗ ಶುಭಾ ಅವರ ಬೆನ್ನಿಗೊಂದು, ಕೆಳಗೊಂದು ಕೈ ಕೊಟ್ಟಳು. ಅವರು ತಿರುಗಿ ಬರಲಿಲ್ಲ.