ಹತ್ತಕ್ಕೆ ಎರಡು ಕೊಟ್ಟ ಟೇಲರ್ ಆಂಟಿ

ಅವರ ಬಾಯಲ್ಲಿ ಯಾವಾಗಲೂ ನಾಲ್ಕೈದು ಗುಂಡುಪಿನ್ನುಗಳಿರುತ್ತಿದ್ದವು. ತುಟಿಯ ಎಡಮೂಲೆಯಲ್ಲಿ ಪಿನ್ನು ಕಚ್ಚಿಕೊಂಡು ಬಲಮೂಲೆಯಿಂದ ಮಾತಾಡುತ್ತಿದ್ದರು. ನಗು ಬಂದರೆ ಮೊದಲು ಅವನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿಕೊಂಡು, ಆಮೇಲೆ ನಗುತ್ತಿದ್ದರು. ಅಷ್ಟರಲ್ಲಿ ನಾವೆಲ್ಲ ನಕ್ಕು ಮುಗಿಸಿರುತ್ತಿದ್ದೆವು. ಅವರ ನಗು ಕೇಳಿ ಮತ್ತೊಂದು ಸಲ ನಗುತ್ತಿದ್ದೆವು.

ಕೊಡಿಗೇಹಳ್ಳಿಯ ನಮ್ಮ ಬೀದಿಗೆಲ್ಲ ಅವರು ಟೇಲರ್ ಆಂಟಿ. ನಾನಿದ್ದ ಬಾಡಿಗೆ ಮನೆಯ ಕೆಳಗೇ ಅವರ ಅಂಗಡಿ. ಎರಡು ಮೆಷಿನ್ನು, ಒಂದು ನಿಲುಗನ್ನಡಿ, ಬಟ್ಟೆ ಹಾಕಿ ನೋಡಲು ಒಂದು ಪರದೆಯ ಮರೆ, ಹಿಂದೆ ಅವರು ಮಲಗುವ ಕೋಣೆ. ಉತ್ತರ ಕರ್ನಾಟಕದವರು ಎಂಬುದು ಮಾತಿನಿಂದಲೇ ಗೊತ್ತಾಗುತ್ತಿತ್ತು. ಯಾವ ಊರು ಎಂದು ಕೇಳಿದರೆ "ಆ ಕಡೆ" ಎಂದು ಕೈ ಬೀಸಿ ಅಳತೆಯ ಟೇಪು ಎತ್ತಿಕೊಳ್ಳುತ್ತಿದ್ದರು. ಒಬ್ಬರೇ ಇದ್ದರು. ನಾನೂ ಒಬ್ಬಳೇ, ಹೆಬ್ಬಾಳದ ಒಂದು ಲ್ಯಾಬಿನಲ್ಲಿ ರಿಪೋರ್ಟ್ ಕೊಡುವ ಕೌಂಟರಿನಲ್ಲಿ ಕೂರುತ್ತಿದ್ದೆ. ನನಗೆ ಜ್ವರ ಬಂದರೆ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ಮೇಲಕ್ಕೆ ತಂದುಕೊಡುತ್ತಿದ್ದವರು ಅವರೇ.

ಮಂಗಳವಾರ ಅಂಗಡಿಗೆ ರಜ. ಬ್ಲೌಸ್ ಹೊಲಿಸಲು ಬರುತ್ತಿದ್ದ ನಾವು ಎಂಟು ಹೆಂಗಸರು ಅವರ ಜೊತೆ ಸಿನಿಮಾದ ಸಂಜೆ ಆಟಕ್ಕೆ ಹೋಗುವುದು ರೂಢಿಯಾಯಿತು. ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದವಳು ನಾನು. ಸಿನಿಮಾ ನೋಡಿಬಂದ ಮೇಲೆ ಪ್ರತಿಯೊಬ್ಬರೂ ಅಭಿಪ್ರಾಯ ಹೇಳಿ ಹತ್ತಕ್ಕೆ ಇಷ್ಟು ಎಂದು ಮಾರ್ಕ್ಸ್ ಕೊಡಬೇಕು. ಮೂಲೆಮನೆಯ ಟೀಚರ್ ಯಾವುದಕ್ಕೂ ಏಳಕ್ಕಿಂತ ಕಡಿಮೆ ಕೊಟ್ಟವರಲ್ಲ. ಟೇಲರ್ ಆಂಟಿಗೆ ಟೈಪ್ ಮಾಡಲು ಬೇಸರ, ಹಾಗಾಗಿ ಧ್ವನಿಯಲ್ಲೇ ಕಳಿಸುತ್ತಿದ್ದರು. ರೇಡಿಯೋದವರ ಹಾಗೆ ಶುರುಮಾಡುವರು: "ನಮಸ್ಕಾರ್ರೀ, ನಾನು ಕೊಡಿಗೇಹಳ್ಳಿ ಟೇಲರ್ ಆಂಟಿ ಮಾತಾಡಾಕತ್ತೀನಿ." ಅವರ ಕಣ್ಣಿಗೆ ಏನೂ ತಪ್ಪುತ್ತಿರಲಿಲ್ಲ. "ಹೀರೋಯಿನ್ ಬಾಗಿಲದ ಹೊರಗ ನಿಂತಾಗ ತೋಳು ಮೊಳಕೈತನಕ ಐತಿ. ಒಳಗ ಬಂದ್ಲು, ಗಿಡ್ಡ ತೋಳು! ಹೊಸ್ತಿಲದ ಮ್ಯಾಲ ಯಾವ ಟೇಲರ್ ಕುಂತಿದ್ನೋ ಏನೋ. ಅರ್ಧ ಮಾರ್ಕ್ ಕಟ್." ಯಾರಾದರೂ ಜಾಸ್ತಿ ಆಯ್ತು, ಕಡಿಮೆ ಆಯ್ತು ಎಂದರೆ ಒಂದೇ ಉತ್ತರ: "ನೋಡಿದಾಕಿ ನಾನು, ಮಾತು ನಂದು."

ಹೀಗೆ ಒಂದು ಮಂಗಳವಾರ ದೊಡ್ಡ ನಟನೊಬ್ಬನ ಸಿನಿಮಾಕ್ಕೆ ಹೋದೆವು. ಟೀಚರ್ ಒಂಬತ್ತು ಕೊಟ್ಟರು. ನಾನು ಎಂಟು. ಆಂಟಿಯ ಧ್ವನಿ ಮರುದಿನ ಬೆಳಿಗ್ಗೆ ಬಂತು.

"ಫೈಟಿಂಗ್ ಛಲೋ ಅದಾವು. ಹಾಡೂ ಅಡ್ಡಿಯಿಲ್ಲ. ಆದ್ರ ಆ ಹೀರೋ ಹುಡುಗಿ ಕಪಾಳಕ್ಕ ಹೊಡೀತಾನ, ಆಕಿ ಕೆನ್ನಿ ಮುಟ್ಕೊಂಡು ನಗತಾಳ. ಥೇಟರಿನಾಗ ಎಲ್ಲಾರೂ ಸೀಟಿ ಹೊಡದ್ರು. ಹೊಡಿಸ್ಕೊಂಡಾಕಿ ನಗಂಗಿಲ್ರೀ. ಕಿವ್ಯಾಗ ಗುಂಯ್ ಅಂತೈತಿ. ಬಾಗಿಲ ಎಲ್ಲೈತಿ ಅಂತ ನೋಡ್ತಾಳ. ಹತ್ತಕ್ಕ ಎರಡು."

ನಾನು ಅದನ್ನು ನಾಲ್ಕು ಸಲ ಕೇಳಿದೆ. ನನ್ನ ಎಂಟು ಮಾರ್ಕ್ಸಿನ ಬಗ್ಗೆ ನಾಚಿಕೆಯಾಯಿತು. ಲ್ಯಾಬಿಗೆ ಹೋಗುವ ಬಸ್ಸಿನಲ್ಲಿ ನಿಂತೇ, ಟಿ. ದಾಸರಹಳ್ಳಿಯ ನನ್ನ ಚಿಕ್ಕಮ್ಮನ ಮಗಳಿಗೆ "ಸಖತ್ತಾಗಿ ಹೇಳಿದ್ದಾರೆ, ಕೇಳೇ" ಎಂದು ಕಳಿಸಿದೆ. ಅವಳು ಅದಕ್ಕೆ ಆ ನಟನ ಫೋಟೋ ಅಂಟಿಸಿ ತನ್ನ ಪೇಜಿನಲ್ಲಿ ಹಾಕಿದಳು. ಶುಕ್ರವಾರದ ಹೊತ್ತಿಗೆ ಲ್ಯಾಬಿಗೆ ರಕ್ತ ಕೊಡಲು ಬಂದ ಅಪರಿಚಿತರ ಮೊಬೈಲಿನಲ್ಲೂ ಆಂಟಿಯ ಧ್ವನಿ ಕೇಳಿಸಿತು.

ಅಂಗಡಿಯ ಬೋರ್ಡಿನ ಮೇಲೆ ಅವರ ನಂಬರಿತ್ತು. ಯಾರೋ ಅದನ್ನು ಹುಡುಕಿ ಆ ಪೇಜಿನಲ್ಲಿ ಹಾಕಿದ್ದರು. ಅಂದು ಸಂಜೆ ನಾನು ಅಲ್ಲಿದ್ದಾಗಲೇ ಫೋನು ಬಂತು. ಅವರು ಕತ್ತರಿ ಹಿಡಿದಿದ್ದರಿಂದ ಸ್ಪೀಕರ್ ಒತ್ತಿದರು. "ಕ್ಷಮೆ ಕೇಳಿ ವಿಡಿಯೋ ಹಾಕಮ್ಮಾ. ಇಲ್ಲಾಂದ್ರೆ ಅಂಗಡಿಗೇ ಬರ್ತೀವಿ" ಎಂದಿತು ಒಂದು ಎಳೆಯ ಧ್ವನಿ. ಆಮೇಲೆ ಬೈಗುಳ. ಆಂಟಿ ಫೋನನ್ನು ಬಟ್ಟೆಯ ರಾಶಿಯ ಕೆಳಗೆ ತುರುಕಿದರು. ಅದು ಅಲ್ಲೇ ಅದುರುತ್ತಲೇ ಇತ್ತು.

ಗುಂಪಿಗೆ ಅವರ ಧ್ವನಿ ಬಂತು. "ಇದನ್ನ ಹೊರಗ ಯಾರು ಕಳಿಸೀರವ್ವಾ?" ಒಬ್ಬೊಬ್ಬರೂ ನಾನಲ್ಲ, ನಾನಲ್ಲ ಎಂದರು. ಟೀಚರ್ ದೇವರಾಣೆ ಹಾಕಿದರು. ಆಮೇಲೆ ಒಬ್ಬೊಬ್ಬರಾಗಿ ಗುಂಪು ಬಿಟ್ಟು ಹೋದರು. ನಾನು "ಆಂಟಿ" ಎಂದು ಬರೆದು ಅಳಿಸಿದೆ, ಬರೆದು ಅಳಿಸಿದೆ. ಕೊನೆಗೆ ಏನನ್ನೂ ಕಳಿಸಲಿಲ್ಲ.

ಶನಿವಾರ ಮಧ್ಯಾಹ್ನ ಹೇಳಿಬಿಡಬೇಕೆಂದೇ ಕೆಳಗೆ ಇಳಿದೆ. ಅವರು ಎಂದಿನಂತೆ, "ನಿನ್ನ ಬ್ಲೌಸ್ ಹಾಕಿ ನೋಡು ಬಾ ತಂಗಿ" ಎಂದು ಪರದೆಯ ಹಿಂದೆ ನಿಲ್ಲಿಸಿ ಪಕ್ಕೆಗೆ ಪಿನ್ನು ಹಾಕತೊಡಗಿದರು. ಅರ್ಧ ಹಾಕಿದ್ದರು, ಹೊರಗೆ ಬೈಕುಗಳು ಬಂದು ನಿಂತವು. ಅವರು ನನ್ನ ಬಾಯಿಯ ಮೇಲೆ ಬೆರಳಿಟ್ಟು ಪರದೆ ಎಳೆದು ಹೊರಗೆ ಹೋದರು.

"ಯಾರಮ್ಮಾ ಟೇಲರ್ ಆಂಟಿ?"

"ನಾನಪ್ಪಾ."

"ನಮ್ ಬಾಸ್ ಸಿನಿಮಾಗೆ ಎರಡು ಮಾರ್ಕ್ಸ್ ಕೊಡಕ್ಕೆ ನೀನ್ಯಾವಳು?"

ಐದಾರು ಜನರಿದ್ದಿರಬೇಕು. ಪರದೆಯ ಕೆಳಗಿನಿಂದ ನನಗೆ ಕಂಡದ್ದು ಚಪ್ಪಲಿಗಳಷ್ಟೇ. ಉಸಿರೆಳೆದಾಗಲೆಲ್ಲ ಪಕ್ಕೆಗೆ ಪಿನ್ನು ಚುಚ್ಚುತ್ತಿತ್ತು.

"ಇದನ್ನ ಹಾಕಿದ್ದು ಯಾರು? ಅವರ ಹೆಸರು ಹೇಳು, ನಿನ್ ಬಿಟ್ಬಿಡ್ತೀವಿ."

ಫ್ಯಾನಿನ ಸದ್ದು. ನನ್ನ ಹೆಸರು ಈಗ ಬರುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ.

"ನಾನ ಹಾಕೀನಿ. ಬ್ಯಾರೆ ಯಾರೂ ಇಲ್ಲ."

"ಹಂಗಾದ್ರೆ ಕ್ಯಾಮೆರಾ ನೋಡ್ಕೊಂಡು ಸಾರಿ ಕೇಳು."

ಆಗ ಅವರ ಧ್ವನಿ ಒಡೆಯಿತು. "ವಿಡಿಯೋ ಬ್ಯಾಡಪ್ಪಾ, ನಿನಗ ಕೈ ಮುಗೀತೀನಿ. ಬೇಕಾದ್ರ ಬರದು ಕೊಡ್ತೀನಿ. ನನ್ನ ಮಾರಿ ತಗೀಬ್ಯಾಡ." ಯಾರೋ ನಕ್ಕರು. "ಸೆರಗು ತೆಗಿಯಮ್ಮಾ, ಮುಖ ಕಾಣ್ಬೇಕು." ಬಳೆಗಳು ಉಜ್ಜಿದ ಸದ್ದು ಕೇಳಿಸಿತು. ಆಮೇಲೆ ಆಂಟಿ ನಿಧಾನವಾಗಿ ಹೇಳಿದರು, "ಸಿನಿಮಾ ನನಗ ಸೇರಲಿಲ್ಲ. ನಿಮಗ ಬ್ಯಾಸರಾಗಿದ್ರ ಕ್ಷಮಾ ಮಾಡ್ರಿ."

"ಈಗ ಮಾರ್ಕ್ಸ್ ಎಷ್ಟು? ಹತ್ತಕ್ಕೆ ಹತ್ತು ಅನ್ನು."



"ಎರಡ" ಎಂದರು.

ಕನ್ನಡಿ ಒಡೆದ ಸದ್ದಿಗೆ ನಾನು ಕೂಗಿಕೊಂಡೆನೋ ಏನೋ, ನೆನಪಿಲ್ಲ. ಬೈಕುಗಳು ಹೋದವು. ಪರದೆ ಸರಿಸಿದಾಗ ಗಾಜಿನ ಚೂರುಗಳ ನಡುವೆ ನಿಂತಿದ್ದರು. ನನ್ನ ಹತ್ತಿರ ಬಂದು ಪಕ್ಕೆಯ ಪಿನ್ನುಗಳನ್ನು ತೆಗೆಯತೊಡಗಿದರು.

"ಆಂಟಿ, ಕಳಿಸಿದ್ದು ನಾನೇ."

"ಗೊತ್ತೈತಿ. ಎಲ್ಲಾರೂ ನಾ ಅಲ್ಲ ಅಂದ್ರು. ನೀ ಒಬ್ಬಾಕಿ ಸುಮ್ನಿದ್ದಿ."

"ಮತ್ತೆ ಅವರಿಗೆ ಯಾಕೆ ಹೇಳ್ಲಿಲ್ಲ?"

"ನಿನ್ನ ಮನಿ ತೋರಿಸಿ ನಾ ಉಳೀಲೇನು?" ಎಂದು ಕೊನೆಯ ಪಿನ್ನು ಕಿತ್ತರು. "ಈ ಹುಡುಗ್ರು ನಾಳಿ ಮರೀತಾರ. ನನಗ ಹೆದರಿಕಿ ಇವರದಲ್ಲ, ತಂಗಿ. ನಾ ಮನಿ ಬಿಟ್ಟು ಹನ್ನೊಂದ ವರ್ಷಾತು. ಸತ್ತೀನೋ ಬದುಕೀನೋ ನನ್ನ ಗಂಡಗ ಗೊತ್ತಿಲ್ಲ. ಹೊಡದು ಒಂದು ಕಿವಿ ಕೆಡಿಸ್ಯಾನ. ಬಿಟ್ಟು ಹೋದ್ರ ಹುಡುಕಿ ಕೊಲ್ತೀನಿ ಅಂದಿದ್ದ. ಈಗ ಅವಗ ನನ್ನ ಧ್ವನಿ ಸಿಕ್ತು, ಮಾರಿ ಸಿಕ್ತು, ಊರೂ ಸಿಕ್ತು."

ಬಸ್ಸಿನಲ್ಲಿ ನಿಂತು ಒಂದು ಸಲ ಬೆರಳು ಒತ್ತಿದ್ದೆ, ಅಷ್ಟೇ.

ಮರುದಿನ ಇಬ್ಬರೂ ಪೊಲೀಸ್ ಠಾಣೆಗೆ ಹೋದೆವು. ಧ್ವನಿ ಕಳಿಸಿದವಳು ನಾನೇ ಎಂದು ನನ್ನ ಹೆಸರಿನಲ್ಲಿ ಬರೆದುಕೊಟ್ಟೆ. ಮೂಲೆಯ ದಿನಸಿ ಅಂಗಡಿಯವರು ಒಂದು ಬೈಕಿನ ನಂಬರ್ ಗುರುತುಮಾಡಿಕೊಂಡಿದ್ದರು. ಪೊಲೀಸರು ಆ ಬೈಕಿನ ಹುಡುಗನನ್ನು ಕರೆಸಿ ಅವನು ಹಾಕಿದ್ದ ವಿಡಿಯೋವನ್ನು ಅಳಿಸಿಹಾಕಿಸಿದರು, ಗಂಡನ ವಿಷಯವನ್ನೂ ಬರೆದುಕೊಂಡರು. ಆದರೆ ವಿಡಿಯೋ ಅಷ್ಟರಲ್ಲಿ ಎಷ್ಟು ಕಡೆ ಹೋಗಿತ್ತೋ ಯಾರಿಗೂ ಗೊತ್ತಿರಲಿಲ್ಲ. ಆಂಟಿ ಬೋರ್ಡು ಇಳಿಸಿದರು. ಬಾಗಿಲು ಅರ್ಧ ಮುಚ್ಚಿಕೊಂಡು ಹೊಲಿದರು. ಬೀದಿಯಲ್ಲಿ ಚಪ್ಪಲಿ ಸದ್ದಾದರೆ ಮೆಷಿನ್ನು ನಿಲ್ಲುತ್ತಿತ್ತು. ಮೇಲೆ ಕೂತ ನಾನೂ ಆ ಮೆಷಿನ್ನು ಮತ್ತೆ ಶುರುವಾಗುವ ತನಕ ಉಸಿರು ಹಿಡಿದಿರುತ್ತಿದ್ದೆ.

ಹತ್ತು ದಿನ ಕಳೆದಿತ್ತು. ಮಧ್ಯಾಹ್ನ ಹಾಲು ತರಲು ದಿನಸಿ ಅಂಗಡಿಗೆ ಹೋದೆ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬ ಮನುಷ್ಯ ಅಂಗಡಿಯವರಿಗೆ ಮೊಬೈಲು ತೋರಿಸುತ್ತಿದ್ದ. "ಈ ಹೆಣ್ಣುಮಗಳ ಅಂಗಡಿ ಎಲ್ಲಿ ಬರ್ತೈತ್ರೀ?" ಧ್ವನಿ ಬಹಳ ಮೃದುವಾಗಿತ್ತು. ಅಂಗಡಿಯವರು ಏನು ಹೇಳಬೇಕೆಂದು ತಿಳಿಯದೆ ನನ್ನ ಮುಖ ನೋಡಿದರು. ಅವನೂ ತಿರುಗಿದ.

"ಅವರು ಖಾಲಿ ಮಾಡ್ಕೊಂಡು ಹೋದ್ರು. ಚಿಕ್ಕಜಾಲದ ಕಡೆ ಅಂತೆ" ಎಂದೆ. ಮಾತು ನನ್ನದೇ ಎಂದು ನನಗೇ ಅನ್ನಿಸಲಿಲ್ಲ.

ಅವನು ನನ್ನನ್ನೇ ನೋಡುತ್ತ ನಿಂತ. "ಹೌದೇನ್ರೀ?" ಎಂದು ನಕ್ಕ. "ನಮ್ಮ ಮನಿಯಾಕಿ. ಸಿಟ್ಟು ಮಾಡ್ಕೊಂಡು ಬಂದಾಳ." ಅವನು ಮುಖ್ಯರಸ್ತೆಯ ಕಡೆ ಹೋಗಿ ತಿರುವಿನಲ್ಲಿ ಮರೆಯಾಗುವ ತನಕ ಹಾಲಿನ ಪ್ಯಾಕೆಟ್ ಹಿಡಿದು ನಿಂತೆ. ಆಮೇಲೆ ಹಿಂದಿನ ಓಣಿಯಿಂದ ಓಡಿದೆ.

ವಿಷಯ ಕೇಳಿ ಆಂಟಿ ಅಳಲಿಲ್ಲ. ಹೊಲಿದು ಮುಗಿದಿದ್ದ ಬ್ಲೌಸುಗಳಿಗೆಲ್ಲ ಹೆಸರಿನ ಚೀಟಿ ಸಿಕ್ಕಿಸಿ ನನ್ನ ಕೈಗಿಟ್ಟರು. ಒಂದು ಚೀಲ, ಒಂದು ಮೆಷಿನ್ನು. ಇನ್ನೊಂದು ಮೆಷಿನ್ನು ಅಲ್ಲೇ ಉಳಿಯಿತು. ಹಿಂದಿನ ಓಣಿಗೆ ನಾನೇ ಆಟೋ ಕರೆತಂದೆ. ಠಾಣೆಗೆ ಫೋನು ಮಾಡುತ್ತೇನೆ ಎಂದೆ. "ಮಾಡು. ಅವರು ಬರೂತನಕ ನಾ ಇಲ್ಲಿ ಕುಂದ್ರಂಗಿಲ್ಲ" ಎಂದರು. ಆಟೋದಲ್ಲಿ ಕೂತು ನನ್ನ ಕೆನ್ನೆಗೆ ಕೈ ಇಟ್ಟರು.

"ಎಲ್ಲಿಗೆ ಹೋಗ್ತೀರ ಆಂಟಿ?"

"ಕೇಳಬ್ಯಾಡ. ನನ್ನ ಹುಡುಕಲೂಬ್ಯಾಡ. ಯಾರರ ಕೇಳಿದ್ರ ಗೊತ್ತಿಲ್ಲ ಅನ್ನಬೇಕು ನೀನು. ಅದು ಖರೇನ ಆಗಿರಬೇಕು."

ಪೊಲೀಸರು ಬಂದು ಹುಡುಕಿದರು, ಅವನು ಸಿಗಲಿಲ್ಲ. ಆಮೇಲೆ ಎರಡು ಸಲ ನಮ್ಮ ಬೀದಿಯಲ್ಲಿ ಕಾಣಿಸಿಕೊಂಡನಂತೆ. ಒಮ್ಮೆ ನನ್ನ ಗೇಟಿನ ಎದುರಿಗೇ ನಿಂತು "ಚಿಕ್ಕಜಾಲದಾಗ ಇಲ್ರೀ ಆಕಿ" ಎಂದ, ಅದೇ ಮೃದು ಧ್ವನಿಯಲ್ಲಿ. "ನಂಗೆ ಗೊತ್ತಿಲ್ಲ" ಎಂದೆ. ನಿಜವನ್ನೇ ಹೇಳುತ್ತಿದ್ದುದರಿಂದ ನನ್ನ ಧ್ವನಿ ನಡುಗಲಿಲ್ಲ. ಆಂಟಿ ಹಾಗೆ ಹೇಳಿಹೋದದ್ದು ತಮಗಾಗಿ ಮಾತ್ರವಲ್ಲ, ನನಗಾಗಿಯೂ ಎಂದು ಆಗ ಹೊಳೆಯಿತು. ನಾನು ಮನೆ ಬದಲಾಯಿಸಿದೆ.

ಹೋದ ತಿಂಗಳು ಯಲಹಂಕದ ಬಸ್‌ಸ್ಟಾಪಿನಲ್ಲಿ ಟೀಚರ್ ಸಿಕ್ಕರು. ನನ್ನನ್ನು ಕಂಡವರೇ ಕೈ ಹಿಡಿದುಕೊಂಡು, "ಏಯ್, ಟೇಲರ್ ಆಂಟಿನ ನೋಡ್ದೆ ಕಣೇ! ನಮ್ಮ ನಾದಿನಿ ಮನೆಗೆ ಹೋಗಿದ್ನಲ್ಲ, ಅದೇ ಊರಲ್ಲಿ..." ಎಂದರು.

ನಾನು ಅವರ ಬಾಯಿಯನ್ನು ಅಂಗೈಯಿಂದ ಮುಚ್ಚಿದೆ. ಸುತ್ತ ನಿಂತವರೆಲ್ಲ ನೋಡಿದರು.

"ಊರು ಹೇಳ್ಬೇಡಿ. ಯಾರಿಗೂ ಹೇಳ್ಬೇಡಿ, ನಂಗೂ ಬೇಡ" ಎಂದೆ. "ಚೆನ್ನಾಗಿದ್ದಾರಾ, ಅಷ್ಟು ಹೇಳಿ."

ಟೀಚರ್ ಕಣ್ಣು ದೊಡ್ಡದು ಮಾಡಿಕೊಂಡು, ನನ್ನ ಕೈಯ ಹಿಂದಿನಿಂದಲೇ ಹೂಂ ಎಂದು ತಲೆಯಾಡಿಸಿದರು.