ಸೂಡಿಯ ಬೇವಿನ ಮರದಲ್ಲಿ ಸಿಂಫನಿ

ಆಗ ನನಗೆ ಹತ್ತೊಂಬತ್ತು. ಗಜೇಂದ್ರಗಡದ ಸೈಬರ್ ಕೆಫೆಯಲ್ಲಿ ಏನೋ ಹುಡುಕಲು ಹೋಗಿ ಒಬ್ಬ ಸಂಗೀತಗಾರನ ಬೆನ್ನು ಬಿದ್ದೆ. ಹಿಮದ ದೇಶದವನು. ಅವನು ಮಾಡಿದ ಸಂಗೀತ ನಾಟಕ ಅಲ್ಲಿನ ಸರ್ವಾಧಿಕಾರಿಗೆ ಹಿಡಿಸಲಿಲ್ಲ. ಪತ್ರಿಕೆಗಳು ಉಗಿದವು, ಗೆಳೆಯರು ಒಬ್ಬೊಬ್ಬರಾಗಿ ಕಾಣೆಯಾದರು. ಈತ ಬಟ್ಟೆಯ ಚೀಲ ಕಟ್ಟಿಟ್ಟುಕೊಂಡು, ಪೊಲೀಸರು ಯಾವಾಗ ಬರುತ್ತಾರೋ ಎಂದು ಕಾಯುತ್ತ, ಹೊಸ ಸಿಂಫನಿ ಬರೆದ. ಅಂದರೆ ನೂರು ಜನ ಕೂತು ನುಡಿಸುವ, ನಾಲ್ಕು ಭಾಗದ, ಮುಕ್ಕಾಲು ಗಂಟೆಯ ಸಂಗೀತ. ಕೊನೆಗೆ ಕಹಳೆ, ನಗಾರಿ, ಭರ್ಜರಿ ಗೆಲುವು. ಸರ್ಕಾರ ಖುಷಿಯಾಯಿತು, ಇವನು ಉಳಿದುಕೊಂಡ. ಆ ಗೆಲುವು ನಿಜವೋ ನಾಟಕವೋ ಅಂತ ಜನ ಇನ್ನೂ ಜಗಳಾಡುತ್ತಾರೆ. ನಾನೇ ಕೇಳಿ ತೀರ್ಮಾನ ಮಾಡಬೇಕಿತ್ತು! ಆದರೆ ಕೆಫೆಯ ಪುಟ್ಟ ಸ್ಪೀಕರಿನಲ್ಲಿ ನಗಾರಿ ಅಂದರೆ ಡಬ್ಬಿಯೊಳಗೆ ಶೇಂಗಾ ಅಲ್ಲಾಡಿಸಿದ ಹಾಗೆ.

ಅಷ್ಟರಲ್ಲಿ ಸೂಡಿಯಲ್ಲಿ ಚಿಕ್ಕಪ್ಪನ ಮಗಳ ಮದುವೆ ಬಂತು. ಹಿಂದಿನ ದಿನ ಮಧ್ಯಾಹ್ನ ಮೈಕ್ ಸೆಟ್ಟಿನ ಚಾಚಾ ಬೇವಿನ ಮರಕ್ಕೆ ಎರಡು ಹಾರ್ನ್ ಕಟ್ಟಿ, ಅಂಗಳದಲ್ಲಿ ಆಳೆತ್ತರದ ಎರಡು ಸ್ಪೀಕರ್ ಬಾಕ್ಸ್ ನಿಲ್ಲಿಸಿದರು. ನಾನು ಕೆಫೆಯಲ್ಲಿ ಆ ಸಿಂಫನಿ ತುಂಬಿಸಿಕೊಂಡಿದ್ದ ಸಿ.ಡಿ. ಹಿಡಿದು ಗೋಗರೆದೆ. ಟೆಸ್ಟಿಂಗಿಗೆ ಯಾವುದಾದರೇನು ಅಂತ ಹಾಕಿಯೇಬಿಟ್ಟರು.

ಮೊದಲ ಅರ್ಧ ಗಂಟೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹಂದರ ಹಾಕುವವರು, ಇನ್ನೂ ಶ್ರುತಿ ಮಾಡಿಕೊಳ್ಳುತ್ತಿದ್ದಾರೆ ಅಂದುಕೊಂಡಿದ್ದರಂತೆ. ಮೂರನೇ ಭಾಗದ ತುದಿಯಲ್ಲಿ ಪಿಟೀಲುಗಳು ಸಣ್ಣಗಾಗುತ್ತ ಉಸಿರಿನಷ್ಟಾಗುತ್ತವೆ. ಮೈಕ್ ಸೆಟ್ಟಿನವರಿಗೆ ದನಿ ಸಣ್ಣದಾಯಿತೆಂದರೆ ಒಂದೇ ಅರ್ಥ: ಎಲ್ಲೋ ವೈರ್ ಸಡಿಲಾಗಿದೆ. ಚಾಚಾ ವೈರ್ ಜಗ್ಗಿದರು, ಆಂಪ್ಲಿಫೈಯರ್ ತಟ್ಟಿದರು, ವಾಲ್ಯೂಮ್ ಏರಿಸಿದರು, ಇನ್ನೂ ಏರಿಸಿದರು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ನಾಲ್ಕನೇ ಭಾಗ ಶುರುವಾಯಿತು.

ಕಹಳೆಗಳೆಲ್ಲ ಒಟ್ಟಿಗೆ! ಮರದ ಕಾಗೆಗಳು ಎದ್ದವು. ಒಂದು ಎತ್ತು ಹಗ್ಗ ಕಿತ್ತುಕೊಂಡು ಓಡಿತು. ಕರಿಗಡಬು ಕರಿಯುತ್ತಿದ್ದ ಅತ್ತೆ ಜಾರಿ ಸೌಟಿನ ಸಮೇತ ಹೊರಗೆ ಬಂದಳು. ನನಗೋ, ನಗಾರಿ ಎದೆಯೊಳಗೇ ಬಿದ್ದು ತಲೆ ತಿರುಗುವಷ್ಟು ಸುಖ.

ಮದುವೆಯ ಯಜಮಾನಿಕೆ ದೊಡ್ಡಪ್ಪನದು. ಅವನೆದುರು ನಮ್ಮ ಮನೆಯಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ. ಧೋತರದ ಚುಂಗು ಹಿಡಿದು ಬಂದ.

"ಏನಿದು ಗದ್ಲಾ? ಬಂದ್ ಮಾಡಪಾ ಮೊದ್ಲ."

ಕೊನೆಯ ಭಾಗ ಇನ್ನೂ ಅರ್ಧ ಬಾಕಿ ಇತ್ತು. ತುದಿ ಕೇಳದೆ ತೀರ್ಮಾನ ಹೇಗೆ? ನಾನು ಮೆಲ್ಲಗೆ ಚಾಚಾನ ಅಂಗಿ ಜಗ್ಗಿದೆ. ಚಾಚಾ ನನ್ನ ಮುಖ ನೋಡಿದರು, ವಾಲ್ಯೂಮ್ ತುಸು ಇಳಿಸಿದರು.

"ಹೊಸಾ ಬಾಕ್ಸ್ ಅದಾವ್ರಿ ಗೌಡ್ರ. ಮೊದಲ್ನೇ ಸಲ ಹಚ್ಚಿದ್ದು ಪೂರಾ ಆಗಬೇಕ್ರಿ. ನಡುವ ನಿಂದ್ರಿಸಿದ್ರ ನಾಳಿ ಅಕ್ಕಿಕಾಳು ಹಾಕೂ ಹೊತ್ತಿಗೆ ಕೈ ಕೊಡ್ತಾವು."

ಬಾಕ್ಸಿನ ಬಣ್ಣವೆಲ್ಲ ಹೋಗಿ ಕಟ್ಟಿಗೆ ಕಾಣುತ್ತಿತ್ತು. ದೊಡ್ಡಪ್ಪ ಅದನ್ನು ನೋಡಲೇ ಇಲ್ಲ. ನಾಳೆಯ ಭಯಕ್ಕೆ, ಯಾರೂ ನಡುವೆ ನಿಲ್ಲಿಸದಂತೆ ಆಂಪ್ಲಿಫೈಯರಿನ ಪಕ್ಕದಲ್ಲೇ ಕಾವಲು ನಿಂತ. ಹುಡುಗರು ಕುಣಿದರು, ಅತ್ತೆ ಜಾರಿಯಲ್ಲೇ ತಾಳ ಹಾಕಿದಳು. ಕೊನೆಯ ನಗಾರಿಗೆ ನಾನು ಅಳುತ್ತ ನಗುತ್ತ ನೆಗೆಯುತ್ತಿದ್ದೆ. ನಿಜವೋ ನಾಟಕವೋ, ಒಂದೂ ನೆನಪಾಗಲಿಲ್ಲ.

ಮುಗಿದ ಮೇಲೆ ದೊಡ್ಡಪ್ಪ ಗಂಭೀರವಾಗಿ ಕೇಳಿದ: "ಒಮ್ಮೆ ಹಚ್ಚಿದ್ರ ಸಾಕೋ, ಇನ್ನೊಂದ್ ಬಾಕ್ಸಿಗೂ ಬ್ಯಾರೇ ಹಚ್ಚಬೇಕೋ?"

ಚಾಚಾ ಮತ್ತೆ ನನ್ನ ಕಡೆ ನೋಡಿದರು. ಈ ಸಲ ನನಗೆ ದನಿ ಬಂತು.

"ಹಚ್ಚಬೇಕು ದೊಡ್ಡಪ್ಪ," ಅಂದೆ. "ಮೊದಲಿಂದ."